ಪೂಜೆಯ ಕೋವಿ, ಪರೀಕ್ಷೆಯ ಕೋವಿ

ಇಂಗ್ಲೆಂಡಿನ ಸರ್ರೆಯ ಬಿಸ್ಲಿಯಲ್ಲಿ 1890ರಿಂದಲೂ ಗುರಿ ಹೊಡೆಯುವ ಮೈದಾನಗಳಿವೆ. ಇಂದಿನ ರೈಫಲುಗಳು ಸದ್ದು ಮಾಡುವ ಆ ಊರಿಗೆ ಇನ್ನೂರು ವರ್ಷ ಹಳೆಯ ಮಾದರಿಯ ಚಕಮಕಿ ಕೋವಿ ಹೊತ್ತು ಬರುವವರೂ ಇದ್ದಾರೆ. ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಕೋವಿಯಿಂದ ಇತಿಹಾಸ ಕಲಿಯುವ ಈ ಶ್ರದ್ಧೆಯನ್ನು ಮಾತ್ರ ನಾನು ಮೊದಲು ಕಂಡಿದ್ದು ಇಲ್ಲೇ.

ಇಲ್ಲಿಯವರಿಗೆ ಬೇಕರ್ ರೈಫಲ್ ಎಂದರೆ ಬಹಳ ಪ್ರೀತಿ. ಎಜೀಕಿಯೆಲ್ ಬೇಕರ್ ಎಂಬ ಲಂಡನ್ನಿನ ಕೋವಿ ಕಸುಬಿನವನ ಈ ಮಾದರಿಯನ್ನು ಬ್ರಿಟಿಷ್ ಸೈನ್ಯ ಒಪ್ಪಿಕೊಂಡದ್ದು 1800ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷ. 30 ಅಂಗುಲದ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುವ ಏಳು ಗೀರುಗಳಿದ್ದು, ಅವು ಆ ಉದ್ದಕ್ಕೆ ಕಾಲು ಸುತ್ತು ಮಾತ್ರ ತಿರುಗುತ್ತವೆ. ಅಳೆದ ಮದ್ದನ್ನು ಸುರಿದು, ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನು ಸುತ್ತಿ, ಮೂತಿಯಿಂದ ಗಜ ಎಂಬ ಉದ್ದನೆಯ ಕೋಲು ಹಾಕಿ ಬಲವಾಗಿ ಇಳಿಸಬೇಕು. ಆಮೇಲೆ ಪಕ್ಕದ ಬಟ್ಟಲಿಗೆ ಒಂದು ಚಿಟಿಕೆ ಮದ್ದು. ಚಕಮಕಿ ಕಲ್ಲು ಕಚ್ಚಿದ ಕುದುರೆ, ಅಂದರೆ ಕೋವಿಯ ಸುತ್ತಿಗೆ, ಬಿದ್ದು, ಕಲ್ಲು ಉಕ್ಕಿಗೆ ಉಜ್ಜಿ, ಮೊದಲು ಬಟ್ಟಲಿನ ಮದ್ದು ಕಣ್ಣೆದುರೇ ಭಗ್ಗೆನ್ನುತ್ತದೆ. ಈಡು ಹಾರುವುದು ಅದರ ಹಿಂದೆ. ನಡುವಿನ ಆ ಚೂರು ಹೊತ್ತು ಮುಖ ಕಿವುಚದೆ, ಗುರಿ ಬಿಡದೆ ನಿಲ್ಲುವುದು ಬಲು ಕಷ್ಟ. ನಾಲ್ಕಾರು ಈಡು ಆಗುವಷ್ಟರಲ್ಲಿ ಮಸಿ ಕಟ್ಟಿ ಗುಂಡು ಇಳಿಯಲು ಮೊಂಡು ಹಿಡಿಯುತ್ತದೆ. ಸಂಜೆ ಮನೆಗೆ ಬಂದು ಬಿಸಿನೀರಿನಲ್ಲಿ ತೊಳೆಯದಿದ್ದರೆ ನಳಿಗೆ ತುಕ್ಕಿನ ಪಾಲು.

ಅದೇ ಕಾಲದ ಬ್ರಿಟಿಷ್ ಸಿಪಾಯಿಗಳ, ಗೀರಿಲ್ಲದ ಬ್ರೌನ್ ಬೆಸ್ ಮಸ್ಕೆಟ್ಟನ್ನೂ ಜತೆಗೆ ಹೊಡೆದು ನೋಡಬೇಕು. ತರಬೇತಾದ ಸಿಪಾಯಿ ಅದರಲ್ಲಿ ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ಆದರೆ ನೂರು ಮೀಟರ್ ದಾಟಿದರೆ ಒಬ್ಬ ಮನುಷ್ಯನಿಗೆ ತಾಗುತ್ತದೆಂಬ ನೆಚ್ಚಿಕೆಯಿಲ್ಲ. ಬೇಕರ್ ನಿಧಾನ, ಆದರೆ ಪಳಗಿದ ಕೈಯಲ್ಲಿ ಅದರ ಎರಡರಷ್ಟು ದೂರಕ್ಕೂ ಗುರಿ ಮುಟ್ಟುತ್ತದೆ. ಮಸ್ಕೆಟ್ಟಿನವರು ಭುಜಕ್ಕೆ ಭುಜ ತಾಗಿಸಿ ಸಾಲುಗಟ್ಟಿದ್ದೇಕೆ, ಬೇಕರ್ ಹಿಡಿದ, ಹಸಿರು ಸಮವಸ್ತ್ರದ 95ನೇ ರೈಫಲ್ ಪಡೆಯವರು ಚದುರಿ ಮರೆಯಲ್ಲಿ ಕೂತದ್ದೇಕೆ ಎಂಬುದು ಆಗ ಭುಜಕ್ಕೇ ತಿಳಿಯುತ್ತದೆ. ಆ ಮಸ್ಕೆಟ್ಟಿನ ಒಂದು ಮಾದರಿಗೆ 'ಇಂಡಿಯಾ ಪ್ಯಾಟರ್ನ್' ಎಂದೇ ಹೆಸರು. ಅದು ಮೊದಲು ಈಸ್ಟ್ ಇಂಡಿಯಾ ಕಂಪನಿಗಾಗಿ ತಯಾರಾದದ್ದು. ನಮ್ಮ ಇತಿಹಾಸವೂ ಆ ನಳಿಗೆಯಲ್ಲಿದೆ.

ಇದೆಲ್ಲ ಸಲೀಸಾಗಿ ಸಿಗುವ ಅವಕಾಶವಲ್ಲ. ಹಳೆಯ ಕೋವಿಯನ್ನು ಅಲಂಕಾರಕ್ಕೆ ಗೋಡೆಗೆ ತೂಗುಹಾಕಿದರೆ ಪೊಲೀಸರ ಪರವಾನಗಿ ಬೇಡ. ಅದೇ ರೈಫಲನ್ನು ಹೊಡೆಯಲು ಹೊರಟರೆ ಪ್ರಮಾಣಪತ್ರ ಬೇಕು, ಕರಿಮದ್ದು ಇಟ್ಟುಕೊಳ್ಳಲು ಇನ್ನೊಂದು ಬೇಕು. ಈ ಕಟ್ಟುನಿಟ್ಟು ನನಗೆ ಸರಿಯೆನಿಸುತ್ತದೆ.

ಕೊಡಗಿನ ದಾರಿ ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಯನ್ನೂ, ಒಡಿಕತ್ತಿ ಎಂಬ ಅಗಲ ಅಲಗಿನ ಕತ್ತಿಯನ್ನೂ ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತೇವೆ, ತೆಂಗಿನಕಾಯಿಗೆ ಗುರಿ ಹೊಡೆಯುತ್ತೇವೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೋವಿ ಮನೆತನದ ಬಾಳಿನೊಳಗೆ ಹೀಗೆ ಬೆರೆತದ್ದನ್ನು ಬಿಸ್ಲಿಯಲ್ಲಿ ನಾನು ಕಂಡಿಲ್ಲ. ಈ ವಿಷಯದಲ್ಲಿ ನಾವೇ ಶ್ರೀಮಂತರು.

ಅಷ್ಟು ಪ್ರೀತಿಸುವ ನಾವು ಅಜ್ಜಂದಿರ ಕೇಪಿನ ಕೋವಿ (ಕಲ್ಲಿನ ಬದಲು ಸಿಡಿಯುವ ಪುಟ್ಟ ಲೋಹದ ಟೋಪಿಯಿಂದ ಕಿಡಿ ಹತ್ತುವ ಕೋವಿ) ಎಷ್ಟು ಮದ್ದು ಕೇಳುತ್ತಿತ್ತು, ಎಷ್ಟು ದೂರಕ್ಕೆ ನೆಟ್ಟಗೆ ಹೊಡೆಯುತ್ತಿತ್ತು ಎಂದು ಬರೆದಿಡುವುದಿಲ್ಲವಲ್ಲ, ಅದು ನನಗೆ ನೋವು. ಮದ್ದು ಅಳೆದು, ಗಜ ಹಾಕಿ ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅವರನ್ನು ಕೂರಿಸಿ ಕೇಳಬೇಕು, ಚಿತ್ರೀಕರಿಸಬೇಕು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲೇ ತಯಾರಾದ, ಹುಲಿಮುಖ ಕೆತ್ತಿದ ಚಕಮಕಿ ಕೋವಿಗಳು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ. ಅವುಗಳ ಅಳತೆ ಹಿಡಿದು, ಸರ್ಕಾರದ ಅನುಮತಿಯಲ್ಲಿ ಪ್ರತಿಕೃತಿ ಮಾಡಿಸಿ, ಬ್ರೌನ್ ಬೆಸ್ ಪಕ್ಕದಲ್ಲಿಟ್ಟು ಒಂದೇ ಮೈದಾನದಲ್ಲಿ ಹೊಡೆದು ನೋಡಲಿ. 1799ರ ಯುದ್ಧದ ಬಗ್ಗೆ ನಾವು ಇಷ್ಟೊಂದು ವಾದ ಮಾಡುತ್ತೇವೆ; ನಮ್ಮ ಕೋವಿ ಐವತ್ತು ಮೀಟರಿನಲ್ಲಿ ಗುಂಡನ್ನು ಎಲ್ಲಿಡುತ್ತಿತ್ತು, ನೂರರಲ್ಲಿ ಎಲ್ಲಿ ಎಂಬ ಲೆಕ್ಕವೂ ಆ ವಾದದಲ್ಲಿ ಇರಲಿ.