ಎಬಿಜಿ ತೆಗೆಯುವ ಕೈಯನ್ನು ಯಾರು ಪರೀಕ್ಷಿಸುತ್ತಾರೆ?

ಮಂಗಳೂರಿನಿಂದ ಉಡುಪಿ ದಾಟಿ ಮಣಿಪಾಲದವರೆಗಿನ ಸುಮಾರು ಅರವತ್ತು ಕಿಲೋಮೀಟರ್ ದಾರಿಯಲ್ಲಿ ಆಸ್ಪತ್ರೆಗಳೂ, ವೈದ್ಯರನ್ನು ಮತ್ತು ನರ್ಸ್‌ಗಳನ್ನು ತಯಾರು ಮಾಡುವ ಕಾಲೇಜುಗಳೂ ಒತ್ತೊತ್ತಾಗಿವೆ. 1848ರ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್ ಸಂಸ್ಥೆ, 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಇವುಗಳ ಹಿಂದೆಯೇ ಬೆಳೆದ ಇನ್ನೂ ಹಲವು ಸಂಸ್ಥೆಗಳಿಂದ ಹೊರಬಂದವರು ಇಂದು ದುಬೈ, ಮಸ್ಕತ್, ಡಬ್ಲಿನ್, ಲಂಡನ್ನಿನ ವಾರ್ಡುಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬ. ನರ್ಸಿಂಗ್ ಕಲಿತದ್ದು ಮಂಗಳೂರಿನಲ್ಲಿ. ಈಗಿರುವುದು ಇಂಗ್ಲೆಂಡಿನ ಒಂದು ಸರಕಾರಿ ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ. ಎರಡೂ ಕಡೆ ನಾನು ಹತ್ತಿರದಿಂದ ಕಂಡ ಒಂದು ಕೆಲಸದ ಬಗ್ಗೆ, ಅಂದರೆ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಅದರಲ್ಲಿರುವ ಅನಿಲಗಳನ್ನು ಅಳೆಯುವ, ವಾರ್ಡಿನಲ್ಲಿ ಎಲ್ಲರೂ ಎಬಿಜಿ ಎಂದೇ ಕರೆಯುವ ಪರೀಕ್ಷೆಯ ಬಗ್ಗೆ, ಊರಿನವರೊಡನೆ ಒಂದು ಮಾತು ಹಂಚಿಕೊಳ್ಳಬೇಕೆನಿಸಿದೆ. ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ನುರಿತ ಕೈಗಳಿಗೆ ಕೊರತೆಯಿಲ್ಲ. ಆ ಕೈ ನುರಿತಿದೆಯೇ ಎಂದು ಪಕ್ಕದಲ್ಲಿ ನಿಂತು ನೋಡಿ, ಬರೆದು, ಅದಕ್ಕೆ ಹೊಣೆ ಹೊರುವ ಪದ್ಧತಿಗೆ ಮಾತ್ರ ಕೊರತೆಯಿದೆ.

ಈ ಪರೀಕ್ಷೆಗೆ ಏಕಿಷ್ಟು ಮಹತ್ವ ಎಂಬುದನ್ನು ಮೊದಲು ಹೇಳಬೇಕು. ಕೋವಿಡ್ ಬಂದು ಹೋದ ಮೇಲೆ ಪಲ್ಸ್ ಆಕ್ಸಿಮೀಟರ್ ಮನೆಮನೆಗೂ ಪರಿಚಯವಾಗಿದೆ. ಆದರೆ ಬೆರಳಿಗೆ ಸಿಕ್ಕಿಸುವ ಆ ಯಂತ್ರ ಆಮ್ಲಜನಕದ ಮಟ್ಟವನ್ನಷ್ಟೇ ಹೇಳುತ್ತದೆ; ಉಸಿರಿನೊಡನೆ ಹೊರಹೋಗದೆ ರಕ್ತದಲ್ಲಿ ತುಂಬಿಕೊಳ್ಳುವ ಕಾರ್ಬನ್ ಡೈಆಕ್ಸೈಡಿನ ಸುಳಿವನ್ನು ಅದು ಕೊಡಲಾರದು. ಹತ್ತಾರು ವರ್ಷ ಬೀಡಿ ಸೇದಿದವರು, ಕಟ್ಟಿಗೆಯ ಅಡುಗೆ ಒಲೆ ಮತ್ತು ಬಚ್ಚಲೊಲೆಯ ಹೊಗೆ ಕುಡಿದೇ ಬಾಳಿದ ಹೆಂಗಸರು, ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆಯಾದ ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆಗೆ ಬಂದಾಗ, ಅವರಿಗೆ ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಕೊಟ್ಟರೆ ಬೆರಳಿನ ಯಂತ್ರದಲ್ಲಿ 98 ಎಂಬ ಸಂಖ್ಯೆ ಮೂಡುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಆದರೆ ರೋಗಿ ಮಂಪರಿಗೆ ಜಾರುತ್ತಿರುತ್ತಾರೆ. ಇಂಥವರಿಗೆ ಬ್ರಿಟನ್ನಿನ ಶ್ವಾಸಕೋಶ ತಜ್ಞರ ಸಂಘವಾದ ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ ಆಮ್ಲಜನಕದ ಮಟ್ಟಕ್ಕೆ ಶೇಕಡಾ 88ರಿಂದ 92ರ ಗುರಿಯನ್ನಿಡುತ್ತದೆ. ಆ ಮಂಪರಿನ ಕಾರಣವನ್ನು ಖಚಿತವಾಗಿ ಹೇಳಬಲ್ಲದ್ದು ಎಬಿಜಿ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ ಉಸಿರಾಟದ ಸ್ನಾಯುಗಳು ಸೋತವರು ಆಸ್ಪತ್ರೆ ತುಂಬಿದಾಗ, ಅವರ ರಕ್ತದ ಏರುಪೇರನ್ನು ವೈದ್ಯರು ಮೊದಲು ತಪ್ಪಾಗಿ ಅರ್ಥಮಾಡಿಕೊಂಡಿದ್ದರು. ಕೊಲ್ಲುತ್ತಿರುವುದು ಹೊರಹೋಗದ ಕಾರ್ಬನ್ ಡೈಆಕ್ಸೈಡ್ ಎಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗುರುತಿಸಿದರು; ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟರು. ಇಂದಿನ ಎಬಿಜಿ ಯಂತ್ರಗಳ ವಂಶಾವಳಿ ಬಹುಮಟ್ಟಿಗೆ ಅಲ್ಲಿಂದಲೇ ಶುರುವಾಗುತ್ತದೆ.

ಯಂತ್ರ ಎಷ್ಟು ಉತ್ತಮವಾದರೂ ಅದು ತನ್ನ ಬಾಯಿಗೆ ಬಂದ ರಕ್ತವನ್ನು ಮಾತ್ರ ಅಳೆಯಬಲ್ಲದು. ಈ ಪರೀಕ್ಷೆಯಲ್ಲಿ ತಪ್ಪುಗಳು ನುಸುಳುವುದು ಹೆಚ್ಚಾಗಿ ಸೂಜಿ ಚುಚ್ಚುವುದಕ್ಕೂ ಸಿರಿಂಜ್ ಯಂತ್ರ ತಲುಪುವುದಕ್ಕೂ ನಡುವಿನ ಕೆಲವೇ ನಿಮಿಷಗಳಲ್ಲಿ. ಸಿರಿಂಜಿನಲ್ಲಿ ಗಾಳಿಯ ಗುಳ್ಳೆ ಉಳಿದರೆ, ಆ ಗಾಳಿಯ ಆಮ್ಲಜನಕದ ಒತ್ತಡ 150 ಎಂಎಂ ಪಾದರಸದ ಆಸುಪಾಸಿನಲ್ಲಿದ್ದು ಕಾರ್ಬನ್ ಡೈಆಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ರಕ್ತದ ಆಮ್ಲಜನಕದ ಒತ್ತಡ 55ಕ್ಕೆ ಇಳಿದ ರೋಗಿಯ ವರದಿಯೂ ವಾಸ್ತವಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಾಮಾನ್ಯ ಸಿರಿಂಜಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಹೆಪಾರಿನ್ ಅನ್ನು ಬಾಟಲಿಯಿಂದ ಎಳೆದು, ಒಳಗೋಡೆಗೆ ಸವರಿ, ಹೊರಚೆಲ್ಲುವ ರೂಢಿ ನಮ್ಮಲ್ಲಿ ಹಲವೆಡೆ ಇದೆ. ಒಣ ಹೆಪಾರಿನ್ ಇರುವ ತಯಾರಿ ಸಿರಿಂಜಿಗೆ ಹೋಲಿಸಿದರೆ ಇದು ಅಗ್ಗ, ಆ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಆದರೆ ಹೆಪಾರಿನ್ ಪೂರ್ತಿಯಾಗಿ ಹೊರಹೋಗದೆ, ತೆಗೆದ ರಕ್ತವೂ ಕಡಿಮೆಯಾದರೆ, ರಕ್ತ ತೆಳುವಾಗಿ ಕಾರ್ಬನ್ ಡೈಆಕ್ಸೈಡ್ ಮತ್ತು ರಕ್ತದ ಆಮ್ಲೀಯತೆಯನ್ನು ಸರಿದೂಗಿಸುವ ಬೈಕಾರ್ಬನೇಟ್ ಎರಡೂ ಸುಳ್ಳಾಗಿ ಇಳಿಯುತ್ತವೆ. ಅಟೆಂಡರ್ ಕೈಯಲ್ಲಿ ಐಸ್ ತುಂಬಿದ ಟ್ರೇಯಲ್ಲಿ ಲ್ಯಾಬಿಗೆ ಕಳುಹಿಸುವ ಪದ್ಧತಿ ಗಾಜಿನ ಸಿರಿಂಜಿನ ಕಾಲದ್ದು. ಪ್ಲಾಸ್ಟಿಕ್ ಗೋಡೆಯ ಮೂಲಕ ಆಮ್ಲಜನಕ ದಾಟುತ್ತದೆ, ತಂಪಿನಲ್ಲಿ ಅದರ ಪರಿಣಾಮ ಹೆಚ್ಚುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಸಿರಿಂಜನ್ನು ಐಸಿನಲ್ಲಿಡದೆ ಅರ್ಧ ಗಂಟೆಯೊಳಗೆ, ಸಾಧ್ಯವಾದರೆ ಇನ್ನೂ ಬೇಗ ಅಳೆಯಬೇಕೆಂಬುದೇ ಈಗಿನ ಸಲಹೆ. ಇವೆಲ್ಲಕ್ಕಿಂತ ಸಾಮಾನ್ಯವಾದ ಲೋಪವೆಂದರೆ, ರಕ್ತ ತೆಗೆಯುವಾಗ ರೋಗಿಗೆ ಎಷ್ಟು ಆಮ್ಲಜನಕ ಹೋಗುತ್ತಿತ್ತು ಎಂಬುದನ್ನು ಬರೆಯದಿರುವುದು. ಬರಿಗಾಳಿಯಲ್ಲಿ ಬಂದ ಆಮ್ಲಜನಕದ ಒತ್ತಡ 80ಕ್ಕೂ, ಮುಖವಾಡದಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಹರಿಯುತ್ತಿರುವಾಗ ಬಂದ 80ಕ್ಕೂ ಅರ್ಥವೇ ಬೇರೆ.

ಊರಿನಲ್ಲಿ ನಾವು ಇದನ್ನೆಲ್ಲ ಕಲಿತದ್ದು ಹಿರಿಯರನ್ನು ನೋಡಿ. ರಾತ್ರಿಪಾಳಿಯ ತೀವ್ರ ನಿಗಾ ಘಟಕದಲ್ಲಿ ಪಿಜಿ ವೈದ್ಯರೋ ಹಿರಿಯ ಸಿಸ್ಟರೋ ತೆಗೆಯುತ್ತಿದ್ದರು, ಪಕ್ಕದಲ್ಲಿ ನಿಂತು ನೋಡುತ್ತಿದ್ದೆವು, ಮುಂದೊಂದು ದಿನ ‘ಇವತ್ತು ನೀನೇ ತೆಗಿ’ ಎಂಬ ಮಾತು ಬರುತ್ತಿತ್ತು. ಈ ಕ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾಡಿ ಬೆರಳ ತುದಿಗೆ ಸಿಕ್ಕುವ ಬಗೆ, ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಲ್ಲಿ ಸೂಜಿ ಇಳಿಸುವ ಹದ, ರಕ್ತ ತಾನಾಗಿಯೇ ಮಿಡಿಯುತ್ತಾ ಮೇಲೇರುವಾಗ ಅದು ಅಭಿಧಮನಿಯ ರಕ್ತವಲ್ಲ ಎಂಬ ಭರವಸೆ, ಇವು ಪುಸ್ತಕದಿಂದ ಬರುವಂಥವಲ್ಲ. ಆದರೆ ಹಿರಿಯರಿಂದ ಹದದ ಜೊತೆಗೆ ರೂಢಿಯೂ ಬರುತ್ತದೆ. ಐಸ್ ಟ್ರೇ ಹಾಗೆ ಬಂದದ್ದು. ತೆಗೆದ ಸಿರಿಂಜಿನ ಸೂಜಿಯನ್ನು ರಬ್ಬರ್ ಮುಚ್ಚಳಕ್ಕೆ ಚುಚ್ಚಿ ಲ್ಯಾಬಿಗೆ ಕಳುಹಿಸುವ ಅಪಾಯಕರ ಅಭ್ಯಾಸವೂ ಹಾಗೆಯೇ ಉಳಿದುಕೊಂಡದ್ದು. ಸೂಜಿ ಅಲ್ಲಿಯೇ ಕಳಚಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುವ, ಸೂಜಿ ತೂರದ ಬಿಳಿ ಡಬ್ಬಿಗೆ ಬೀಳಬೇಕು.

ನಿಯಮಗಳ ಮಟ್ಟದಲ್ಲಿ ಭಾರತ ಸುಮ್ಮನೆ ಕುಳಿತಿಲ್ಲ. 2019ರಿಂದ ಎಂಬಿಬಿಎಸ್ ಪಠ್ಯಕ್ರಮ ಸಾಮರ್ಥ್ಯ ಆಧಾರಿತವಾಗಿದೆ; ತೋರಿಸುವುದು, ಗಮನಿಸುವುದು, ನೆರವಾಗುವುದು, ತಾನೇ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳ ಕಲಿಕೆ, ಕೌಶಲ ಪ್ರಯೋಗಾಲಯ, ಲಾಗ್‌ಬುಕ್ ಎಲ್ಲವೂ ಅದರಲ್ಲಿವೆ. 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮವೂ ಬದಲಾಯಿತು. ಆದರೂ ಲಾಗ್‌ಬುಕ್ಕಿಗೆ ಸಹಿ ಬೀಳುವುದು ಬಹಳ ಸಲ ತಿಂಗಳ ಕೊನೆಯಲ್ಲಿ, ಒಂದೇ ಕೂರಿಕೆಯಲ್ಲಿ, ಹಾಸಿಗೆಯಿಂದ ದೂರದಲ್ಲಿ ಎಂಬುದನ್ನು ಅಲ್ಲಿ ದುಡಿಯುವ ಗೆಳೆಯರು ಈಗಲೂ ಹೇಳುತ್ತಾರೆ. ನೋಡದೆ ಹಾಕಿದ ಸಹಿಯಿಂದ ರೋಗಿಗೆ ರಕ್ಷಣೆ ಸಿಗುವುದಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ನಾನು ಕೆಲಸ ಮಾಡಿದ ಆಸ್ಪತ್ರೆಗಳಲ್ಲಿ ಮೊದಲು ಪಾಠ, ನಂತರ ಕೃತಕ ತೋಳಿನ ಮೇಲೆ ಅಭ್ಯಾಸ, ಆಮೇಲೆ ಅರ್ಹ ಮೌಲ್ಯಮಾಪಕರ ಕಣ್ಣೆದುರಿನಲ್ಲಿ ನಿಜವಾದ ರೋಗಿಗಳಿಂದ ರಕ್ತ ತೆಗೆಯುವುದು ಎಂಬ ಕ್ರಮವಿದೆ. ಕೊನೆಯ ಸಹಿ ಬೀಳುವವರೆಗೆ ಒಬ್ಬರೇ ಸೂಜಿ ಹಿಡಿಯುವಂತಿಲ್ಲ. ಮೌಲ್ಯಮಾಪಕರು ಕೈ ಹಾಕದೆ ಸುಮ್ಮನೆ ನಿಲ್ಲುತ್ತಾರೆ. ರೋಗಿಯ ಜೀವಕ್ಕೆ ತೊಂದರೆಯಾಗುವಂತಿದ್ದರೆ ಮಾತ್ರ ತಡೆಯುತ್ತಾರೆ. ಅವರ ಕಣ್ಣು ಚುಚ್ಚುವ ಕ್ಷಣಕ್ಕಿಂತ ಅದರ ಹಿಂದುಮುಂದಿನ ಮೇಲೆ ಹೆಚ್ಚಿರುತ್ತದೆ. ರೋಗಿಯ ಹೆಸರನ್ನು ಅವರ ಬಾಯಿಂದಲೇ ಕೇಳಿ ಕೈಪಟ್ಟಿಯೊಡನೆ ತಾಳೆ ನೋಡಿದರೇ, ರಕ್ತ ತೆಳುವಾಗುವ ಮಾತ್ರೆಗಳ ಬಗ್ಗೆ ವಿಚಾರಿಸಿದರೇ, ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಅಪಧಮನಿ ಮತ್ತು ಅಭಿಧಮನಿಗಳ ಜೋಡಣೆ) ಮಾಡಿದ ತೋಳನ್ನು ಬಿಟ್ಟರೇ, ಆಮ್ಲಜನಕ ಬದಲಾಯಿಸಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಕಾದರೇ ಎಂದೆಲ್ಲ ಗಮನಿಸುತ್ತಾರೆ. ಒಂದು ಅಪಧಮನಿಗೆ ತೊಂದರೆಯಾದರೂ ಇನ್ನೊಂದು ಕೈಗೆ ರಕ್ತ ಒದಗಿಸೀತೇ ಎಂದು ತಿಳಿಯಲು, ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಒತ್ತಿ ಹಿಡಿದು, ಕಿರುಬೆರಳ ಕಡೆಯದನ್ನು ಬಿಟ್ಟಾಗ ಅಂಗೈಗೆ ಕೆಂಪು ಮರಳುವುದನ್ನು ನೋಡುವ ಅಲೆನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. 1929ರಲ್ಲಿ ಎಡ್ಗರ್ ಅಲೆನ್ ವಿವರಿಸಿದ, ಮುಂದೆ ಮಾರ್ಪಾಟಾದ ಈ ಪರೀಕ್ಷೆ ಎಲ್ಲ ಅಪಾಯವನ್ನೂ ಮುಂಚಿತವಾಗಿ ಹೇಳಲಾರದು ಎಂಬ ವಾದ ವೈದ್ಯರಲ್ಲೇ ಇದೆ; ಆದರೂ ರೋಗಿಯ ಕೈಯನ್ನು ಅರ್ಧ ನಿಮಿಷ ಹಿಡಿದು ನೋಡುವ ಶಿಸ್ತಾದರೂ ಅದರಿಂದ ಬರುತ್ತದೆ. ಕೊನೆಗೆ ಯಂತ್ರದ ಚೀಟಿ ಬಂದಾಗ ‘ಇದನ್ನು ಓದು, ಈಗ ಯಾರಿಗೆ ಫೋನ್ ಮಾಡುತ್ತೀ?’ ಎಂಬ ಪ್ರಶ್ನೆಯಿರುತ್ತದೆ. ರಕ್ತ ಎಷ್ಟು ಆಮ್ಲೀಯವಾಗಿದೆ ಎಂದು ತೋರಿಸುವ ಪಿಎಚ್ 7.35ಕ್ಕಿಂತ ಕೆಳಗಿಳಿದು ಕಾರ್ಬನ್ ಡೈಆಕ್ಸೈಡ್ ಏರಿದ್ದರೆ ಆ ಚೀಟಿ ಫೈಲಿನೊಳಗೆ ಸುಮ್ಮನೆ ಕೂರಬಾರದು. ಮುಖವಾಡದ ಮೂಲಕ ಉಸಿರಾಟಕ್ಕೆ ನೆರವು ಕೊಡುವ ನಿರ್ಧಾರ ಆಗಲೇ ಆಗಬೇಕಾಗುತ್ತದೆ. ರಕ್ತ ತೆಗೆಯುವುದನ್ನೂ ಫಲಿತಾಂಶ ಮುಟ್ಟಿಸುವುದನ್ನೂ ಒಂದೇ ಕೌಶಲವೆಂದು ಅಳೆಯುವ ಈ ಕ್ರಮ ನನಗೆ ಬಹಳ ಹಿಡಿಸಿದೆ.

ಇಲ್ಲಿಯದೆಲ್ಲ ಸರಿಯೆಂದು ನಾನು ಹೇಳುವುದಿಲ್ಲ. ಊರಿನ ಐಸಿಯುವಿನಲ್ಲಿ ವರ್ಷಗಟ್ಟಲೆ ಎಬಿಜಿ ತೆಗೆದ ನರ್ಸ್‌ಗಳು ಇಲ್ಲಿಗೆ ಬಂದ ಮೇಲೆ ಮೌಲ್ಯಮಾಪಕರ ಬಿಡುವಿಗಾಗಿ ತಿಂಗಳುಗಟ್ಟಲೆ ಕಾಯುವುದನ್ನು ಕಂಡಿದ್ದೇನೆ. ಒಂದು ಆಸ್ಪತ್ರೆಯಲ್ಲಿ ಪಡೆದ ಅರ್ಹತೆಯನ್ನು ಇನ್ನೊಂದು ಆಸ್ಪತ್ರೆ ಒಪ್ಪದೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿಸುವುದೂ ಇದೆ. ಎಷ್ಟು ಸಲ ತೆಗೆದರೆ ಸಾಕು ಎಂಬುದನ್ನು ಒಂದು ನಿಗದಿತ ಸಂಖ್ಯೆಗೆ ಕಟ್ಟಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೆಲವರ ಕೈ ಬೇಗ ಕುದುರುತ್ತದೆ, ಕೆಲವರಿಗೆ ಇನ್ನಷ್ಟು ಅಭ್ಯಾಸ ಬೇಕಾಗುತ್ತದೆ, ಮೌಲ್ಯಮಾಪಕರ ವಿವೇಚನೆಗೆ ಅಲ್ಲಿ ಜಾಗ ಇರಬೇಕು. ತುರ್ತು ಸಂದರ್ಭವೊಂದನ್ನು ಬಿಟ್ಟು, ಎಚ್ಚರವಿರುವ ರೋಗಿಗೆ ಚುಚ್ಚುವ ಮೊದಲು ಸ್ಥಳೀಯ ಅರಿವಳಿಕೆ ಕೊಡಬೇಕೆಂದು ಇಲ್ಲಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದರೂ ವಾರ್ಡಿನಲ್ಲಿ ಅದು ಪಾಲನೆಯಾಗುವುದು ಅಪರೂಪ. ಅಪಧಮನಿಗೆ ಚುಚ್ಚುವ ನೋವು ಸಾಮಾನ್ಯ ರಕ್ತ ಪರೀಕ್ಷೆಯ ನೋವಿಗಿಂತ ಎಷ್ಟೋ ಪಾಲು ಹೆಚ್ಚು. ಆ ಅರಿವಳಿಕೆಯ ಮದ್ದಾದ ಲಿಗ್ನೊಕೇನ್ ನಮ್ಮೂರಿನ ಯಾವ ಆಸ್ಪತ್ರೆಗೂ ದುಬಾರಿಯಲ್ಲ. ಈ ಒಂದು ವಿಷಯದಲ್ಲಿ ಮಂಗಳೂರು ಇಂಗ್ಲೆಂಡಿಗಿಂತ ಮುಂದೆ ಹೋಗಬಹುದು. ಅಳತೆಯ ಬಗ್ಗೆಯೂ ಇಲ್ಲೊಂದು ಮಾತು ಸೇರಿಸುತ್ತೇನೆ, ಹೊರಡಲು ಸಿದ್ಧರಾಗಿರುವ ಕಿರಿಯರಿಗೆ ಉಪಯೋಗವಾದೀತು: ಊರಿನ ವರದಿಯಲ್ಲಿ ಎಂಎಂ ಪಾದರಸದಲ್ಲಿ ಬರುವ 45 ಇಲ್ಲಿನ ಚೀಟಿಯಲ್ಲಿ 6.0 ಕಿಲೊಪಾಸ್ಕಲ್ ಆಗಿರುತ್ತದೆ. ಏಳೂವರೆಯಿಂದ ಗುಣಿಸುವುದು ಬಾಯಿಪಾಠವಾಗುವವರೆಗೆ ವರದಿಯನ್ನು ಫೋನಿನಲ್ಲಿ ಹೇಳುವಾಗ ಅಳತೆಯ ಹೆಸರನ್ನೂ ಸೇರಿಸಿ ಹೇಳಬೇಕು.

ಇಲ್ಲಿನ ನಮೂನೆಯನ್ನು ಹಾಗೆಯೇ ಎತ್ತಿ ಕರಾವಳಿಗೆ ಒಯ್ದರೆ ಕೆಲಸ ನಡೆಯದು. ನಮ್ಮ ವಾರ್ಡಿನಲ್ಲಿ ಮಲಗಿದವರ ಮಾತು ತುಳು, ಬ್ಯಾರಿ, ಕೊಂಕಣಿ, ಕುಂದಾಪುರದ ಕನ್ನಡ. ರಕ್ತ ತೆಗೆಯುವ ಇಂಟರ್ನ್ ಉತ್ತರ ಭಾರತದವರಿರಬಹುದು, ಸಿಸ್ಟರ್ ಕೇರಳದವರಿರಬಹುದು. ‘ಮುಷ್ಟಿ ಬಿಗಿಯಿರಿ, ಈಗ ಬಿಡಿ’ ಎಂಬುದು ಅರ್ಥವಾಗದಿದ್ದರೆ ಅಲೆನ್ ಪರೀಕ್ಷೆಯೇ ಆಗುವುದಿಲ್ಲ, ‘ಬೇನೆ ಆಪುಂಡಾ?’ ಎಂದು ಕೇಳುವವರಿಲ್ಲದಿದ್ದರೆ ಮುದುಕಿಯೊಬ್ಬಳು ನೋವನ್ನು ನುಂಗಿಕೊಂಡು ಸುಮ್ಮನಿರುತ್ತಾಳೆ. ಆದ್ದರಿಂದ ನಮ್ಮಲ್ಲಿ ತಯಾರಾಗುವ ಮೌಲ್ಯಮಾಪನ ಪಟ್ಟಿಯಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆದರೇ ಎಂಬುದು ಮೊದಲ ಸಾಲಾಗಿರಬೇಕು. ರಕ್ತ ತೆಗೆದ ಜಾಗವನ್ನು ಕನಿಷ್ಠ ಐದು ನಿಮಿಷ, ರಕ್ತ ತೆಳುವಾಗುವ ಔಷಧಿಯಲ್ಲಿರುವವರಿಗೆ ಅದಕ್ಕೂ ಹೆಚ್ಚು ಹೊತ್ತು ಬಿಗಿಯಾಗಿ ಒತ್ತಿ ಹಿಡಿಯಬೇಕು. ಊರಿನಲ್ಲಿ ಹತ್ತಿಯನ್ನು ರೋಗಿಯ ಜೊತೆಗಿದ್ದವರ ಕೈಗೆ ಕೊಟ್ಟು ‘ಒತ್ತಿ ಹಿಡಿಯಿರಿ’ ಎಂದು ಮುಂದಿನ ಹಾಸಿಗೆಗೆ ನಡೆಯುವುದು ಸಾಮಾನ್ಯ. ಹಾಸಿಗೆಗಳು ತುಂಬಿ, ಸಿಬ್ಬಂದಿ ಕಡಿಮೆಯಿರುವಲ್ಲಿ ಅದರ ಒತ್ತಡ ನನಗೆ ಗೊತ್ತು. ಆದರೆ ಆ ಮಗನಿಗೋ ಸೊಸೆಗೋ ಎಲ್ಲಿ, ಎಷ್ಟು ಹೊತ್ತು, ಮಧ್ಯೆ ತೆರೆದು ನೋಡದೆ ಒತ್ತಬೇಕೆಂದು ಯಾರೂ ಹೇಳಿರುವುದಿಲ್ಲ. ಮರುದಿನ ಮಣಿಕಟ್ಟು ನೀಲಿಗಟ್ಟಿ ಊದಿಕೊಂಡಿರುತ್ತದೆ, ಮತ್ತೆ ರಕ್ತ ತೆಗೆಯಬೇಕಾದಾಗ ಆ ಕೈ ಉಪಯೋಗಕ್ಕೆ ಬಾರದು. ಕೃತಕ ತೋಳು ನೋವಿಗೆ ಕೈ ಎಳೆದುಕೊಳ್ಳುವುದಿಲ್ಲ, ಊದಿಕೊಳ್ಳುವುದೂ ಇಲ್ಲ. ಹಾಗಾಗಿ ಈ ಐದು ನಿಮಿಷವನ್ನು ಹಾಸಿಗೆಯ ಪಕ್ಕದಲ್ಲಿಯೇ ಕಲಿಸಬೇಕು, ಅಲ್ಲಿಯೇ ಅಳೆಯಬೇಕು.

ನಮ್ಮ ಕಡೆಗಿರುವ ದೊಡ್ಡ ಅನುಕೂಲವೆಂದರೆ ಕಲಿಯುವ ಅವಕಾಶ. ಇಲ್ಲಿ ಒಬ್ಬ ಕಿರಿಯ ನರ್ಸ್‌ಗೆ ತಿಂಗಳಿಗೊಮ್ಮೆ ಸಿಗುವ ಅವಕಾಶ ಅಲ್ಲಿ ಒಂದೇ ಪಾಳಿಯಲ್ಲಿ ಹಲವು ಸಲ ಸಿಕ್ಕೀತು. ಅಭ್ಯಾಸ ಅಷ್ಟಿರುವಲ್ಲಿ ಗಮನಿಸಿ ಬರೆಯುವವರು ಒಬ್ಬರಿದ್ದರೆ ಒಂದು ಹೊಸ ತಂಡ ಕೆಲವೇ ವಾರಗಳಲ್ಲಿ ಸಿದ್ಧವಾಗಬಹುದು. ಮಂಗಳೂರು ಮತ್ತು ಉಡುಪಿಯ ಸಂಸ್ಥೆಗಳು ಒಟ್ಟಾಗಿ ಒಂದೇ ಪುಟದ ಸಾಮಾನ್ಯ ಪಟ್ಟಿಯನ್ನು ಒಪ್ಪಿಕೊಂಡರೆ, ಕಂಕನಾಡಿಯಲ್ಲಿ ಅರ್ಹತೆ ಪಡೆದ ನರ್ಸ್ ಮಣಿಪಾಲಕ್ಕೆ ಕೆಲಸಕ್ಕೆ ಹೋದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳು ಇನ್ನೂ ಬಿಡಿಸಿಕೊಳ್ಳದ ಈ ಕಗ್ಗಂಟು ನಮ್ಮಲ್ಲಿ ಬೀಳುವ ಮೊದಲೇ ತಪ್ಪುತ್ತದೆ. ಬಹಳ ಕಾಲ ಐಸಿಯು ಬಿಟ್ಟು ಬೇರೆ ವಾರ್ಡಿನಲ್ಲಿದ್ದವರು ಮರಳಿದಾಗ ಒಂದು ಸಲವಾದರೂ ಮತ್ತೆ ಇನ್ನೊಬ್ಬರ ಎದುರಿನಲ್ಲಿ ತೆಗೆದು ತೋರಿಸಬೇಕು ಎಂಬುದನ್ನೂ ಅದೇ ಪಟ್ಟಿ ಹೇಳಬೇಕು.

ಪಟ್ಟಿ ಮಾಡುವುದು ಸುಲಭ, ಅದಕ್ಕೆ ಯಾರು ಸಹಿ ಹಾಕಬೇಕೆಂಬುದು ಕಷ್ಟದ ಪ್ರಶ್ನೆ. ಇಲ್ಲಿ ಹಿರಿಯ ಶ್ವಾಸಕೋಶ ನರ್ಸ್ ಒಬ್ಬರು ಹೊಸ ವೈದ್ಯರ ಪಕ್ಕದಲ್ಲಿ ನಿಂತು ಅವರ ಎಬಿಜಿಯನ್ನು ಅಳೆಯುವುದು ದಿನನಿತ್ಯದ ಸಂಗತಿ. ತಪ್ಪಿದರೆ ‘ಇನ್ನೊಮ್ಮೆ ಅಭ್ಯಾಸ ಬೇಕು’ ಎಂದು ಬರೆಯುತ್ತಾರೆ, ವೈದ್ಯರು ಅದನ್ನು ಓದಿ ಒಪ್ಪಿಕೊಳ್ಳುತ್ತಾರೆ. ನಮ್ಮೂರಿನ ಎಷ್ಟೋ ಐಸಿಯುಗಳಲ್ಲಿ ಇಂಟರ್ನ್‌ಗಳಿಗೆ ನಾಡಿ ಹಿಡಿಯುವುದನ್ನು ನಿಜವಾಗಿ ಕಲಿಸುವವರು ಇಪ್ಪತ್ತು ವರ್ಷ ಅಲ್ಲಿಯೇ ದುಡಿದ ಸಿಸ್ಟರುಗಳು ಮತ್ತು ಉಸಿರಾಟದ ಚಿಕಿತ್ಸೆ ನೋಡಿಕೊಳ್ಳುವ ರೆಸ್ಪಿರೇಟರಿ ಥೆರಪಿಸ್ಟರು. ಅವರ ಹೆಸರು ಲಾಗ್‌ಬುಕ್ಕಿನಲ್ಲಿ ಎಲ್ಲಿಯೂ ಇರುವುದಿಲ್ಲ, ಸಹಿ ಯಾವಾಗಲೂ ಇನ್ನಾರದೋ ಆಗಿರುತ್ತದೆ. ಅವರನ್ನು ಮೌಲ್ಯಮಾಪಕರೆಂದು ಕಾಲೇಜುಗಳು ಲಿಖಿತವಾಗಿ ನೇಮಿಸಬೇಕು, ಆ ಕೆಲಸಕ್ಕೆ ಪಾಳಿಯಲ್ಲಿ ಪ್ರತ್ಯೇಕ ಸಮಯ ಕೊಡಬೇಕು, ಅವರು ‘ಇನ್ನೂ ಸಿದ್ಧವಿಲ್ಲ’ ಎಂದು ಬರೆದ ಇಂಟರ್ನ್ ಆ ರಾತ್ರಿ ಒಬ್ಬರೇ ಎಬಿಜಿ ತೆಗೆಯದಂತೆ ವಿಭಾಗದ ಮುಖ್ಯಸ್ಥರು ನೋಡಿಕೊಳ್ಳಬೇಕು.