ಆಪರೇಷನ್ ಆದ ಕಡೆಯ ಕೈಯಲ್ಲಿ ಕೊಡ ಎತ್ತಲೇಬಾರದಾ?

ಸ್ತನ ಕ್ಯಾನ್ಸರ್ ಆಪರೇಷನ್ ಆದವರು ಆ ಕಡೆಯ ಕೈಯಲ್ಲಿ ಜನ್ಮಪೂರ್ತಿ ಭಾರ ಎತ್ತಬಾರದು, ಎತ್ತಿದರೆ ಕೈ ಬಾತುಕೊಳ್ಳುತ್ತದೆ ಅಂತ ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಮೆಸೇಜ್ ಓಡಾಡುತ್ತಿದೆ. ಇದು ಹಳೇ ಮಾತು. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದರೆ ಬಾವು ಬರಬಹುದು, ಅದು ನಿಜ. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆಗಲೇ ಕೈ ಬಾತಿದ್ದ ಹೆಂಗಸರು ತರಬೇತಿ ಪಡೆದು, ಬಾವು ಹತೋಟಿಗೆ ಅಂತ ತೋಳಿಗೆ ಹಾಕುವ ಬಿಗಿ ಪಟ್ಟಿ (ಕಂಪ್ರೆಷನ್ ಸ್ಲೀವ್) ಹಾಕಿಕೊಂಡು ನಿಧಾನಕ್ಕೆ ಭಾರ ಹೆಚ್ಚಿಸುತ್ತಾ ಎತ್ತಿದರು. ಅದರಿಂದ ಬಾವು ಜಾಸ್ತಿ ಆಗಲಿಲ್ಲ, ಕೈಗೆ ಬಲ ಬಂತು. ಸುಮ್ನೆ ಕೈ ಮಡಚಿಟ್ಟುಕೊಂಡು ಕೂತರೆ ಭುಜ ಬಿಗಿದು ತಲೆ ಬಾಚೋದು, ರವಿಕೆಗೆ ಕೈ ತೂರಿಸೋದೂ ಕಷ್ಟ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ? ಹಾಗಂತ ನಾಳೆಯೇ ಬಾವಿಯಿಂದ ತುಂಬಿದ ಕೊಡ ಎಳೆಯಬೇಡಿ. ಡಾಕ್ಟರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿ ಶುರು ಮಾಡಿ. ಬಳೆ ಬಿಗಿಯಾಯಿತು ಅನಿಸಿದರೆ ತಡ ಮಾಡದೆ ತೋರಿಸಿ.