ಊಟದ್ದಲ್ರೀ, ನಿದ್ದಿದ್ದು
‘ವಿದೇಶಕ್ಕೆ ಹೋದ ಮೊದಲ ದಿನಗಳಲ್ಲಿ ಈಜುಗಾರರ ಟೈಮಿಂಗ್ ಕೆಡಲು ಊಟವೇ ಕಾರಣ’ ಅಂತ ಬರದೀರಿ. ಒಪ್ಪಂಗಿಲ್ರೀ. ನನ್ನ ಮಗಳು ಜೂನ್‌ನ್ಯಾಗ ತಂಡದ ಜೋಡಿ ಬರ್ಲಿನ್‌ಗೆ ಹೋದಾಗ ಧಾರವಾಡದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದೆ (ಅರ್ಧಾ ರೂಮಿನ ಹುಡುಗ್ಯಾರ ತಿಂದ್ರಂತ). ಕಾಡಿದ್ದು ನಿದ್ದಿ. ಬ್ಯಾಸಗ್ಯಾಗ ಅಲ್ಲಿ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದ. ಅಲ್ಲಿಯ ರಾತ್ರಿ 1.30ಕ್ಕ ಫೋನ್ ಮಾಡಿ, ‘ಅವ್ವಾ, ಎಚ್ಚರಾಗಿ ಗಾಗಲ್ಸ್ ಹಿಡಕೊಂಡು ಕುಂತೇನಿ’ ಅಂದ್ಲು. ಇಲ್ಲಿ ನಸುಕಿನ 5, ದಿನಾ ಪ್ರ್ಯಾಕ್ಟೀಸಿಗೆ ಏಳೋ ಹೊತ್ತು! ಮ್ಯಾಲೆ, 25 ಮೀಟರ್ ಕೊಳದಾಗ ಕಲಿತಾಕಿಗೆ ಅಲ್ಲಿ 50 ಮೀಟರ್. ‘ಎಷ್ಟು ಈಜಿದ್ರೂ ಗ್ವಾಡಿನ ಬರವಲ್ದು’ ಅಂತಿದ್ಲು. ನಾಲ್ಕನೇ ದಿನ ಟೈಮಿಂಗ್ ಸರಿ ಹೋತು, ಅದೂ ರೊಟ್ಟಿ ಮುಗದ ಮ್ಯಾಲೆ.